ನಿಮ್ಮ ಲೇಖನದಲ್ಲಿ ದೊಡ್ಡಪ್ಪ ಸಿಕ್ಕಿದ್ದು ಮೂರನೇ ಪುಟದಲ್ಲಿ

ನಮಸ್ಕಾರ. ಹೋದ ವರ್ಷ ತೀರಿಕೊಂಡ, ಇಂಜಿನಿಯರೂ ಚಾರಣಿಗರೂ ಆಗಿದ್ದ ನಿಮ್ಮ ದೊಡ್ಡಪ್ಪನ ನೆನಪಿನ ಲೇಖನ ಓದ್ದೆ. ಈಗಿರೋ ಹಾಗೆ ನಮ್ಮ ಪತ್ರಿಕೇಲಿ ಹಾಕೋಕಾಗಲ್ಲ, ಆದ್ರೆ ವಾಪಸ್ ಕಳಿಸಿ ಸುಮ್ಮನಾಗೋಕೂ ಮನಸ್ಸು ಬರ್ತಿಲ್ಲ, ಯಾಕಂದ್ರೆ ಇದ್ರೊಳಗೆ ಒಂದು ತುಂಬಾ ಒಳ್ಳೇ ಬರಹ ಇದೆ.

ಮೊದಲ ಎರಡು ಪುಟ ಪೂರ್ತಿ ತೆಗೀರಿ. ಡಿಗ್ರಿ, ಪ್ರಮೋಷನ್ನು, ರಿಟೈರ್‌ಮೆಂಟ್ ಸಮಾರಂಭ, ಇದೆಲ್ಲ ಆಫೀಸ್ ಫೈಲಲ್ಲಿ ಇರುತ್ತೆ. ಆಮೇಲೆ ‘ಅಪ್ರತಿಮ ಸಾಹಸಿ’, ‘ನಿಸ್ವಾರ್ಥ ಸೇವಾಜೀವಿ’ ಅಂತೆಲ್ಲ ಬರೆದಿದ್ದೀರಲ್ಲ, ಈ ಮಾತು ಯಾರ ಹೆಸರಿನ ಮುಂದೆ ಇಟ್ರೂ ಕೂತ್ಕೊಳ್ಳುತ್ತೆ, ಹಾಗಾಗಿ ಇವರ ಬಗ್ಗೆ ಏನೂ ಹೇಳಲ್ಲ. ಎವರೆಸ್ಟ್ ಇತಿಹಾಸದ ಪ್ಯಾರಾನೂ ಬೇಡ.

ನನಗೆ ಅವರು ಸಿಕ್ಕಿದ್ದು ಮೂರನೇ ಪುಟದ ಕೆಳಗೆ. ಚಾರಣದ ಹಿಂದಿನ ರಾತ್ರಿ ಚೀಟಿ ಮೇಲೆ ಏನೋ ಲೆಕ್ಕ ಹಾಕ್ತಿದ್ರು, ನಾವೆಲ್ಲ ನಗ್ತಿದ್ವಿ ಅಂತ ಒಂದೇ ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಏನು ಲೆಕ್ಕ ಅದು? ನೀವು ಜೊತೆಗೆ ಕಳಿಸಿದ ಚೀಟಿ ಫೋಟೋ ನೋಡಿದ್ರೆ ಅದು ನೇಸ್ಮಿತ್ ಸೂತ್ರ, ಬೆಟ್ಟದ ದಾರಿ ನಡೆಯೋಕೆ ಎಷ್ಟು ಹೊತ್ತು ಬೇಕು ಅಂತ ಅಂದಾಜು ಮಾಡೋ ಲೆಕ್ಕ, ವಿಲಿಯಂ ನೇಸ್ಮಿತ್ ಅನ್ನೋ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಹೇಳಿದ್ದು, ಈಗಿನ ಅಳತೇಲಿ 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಚೀಟೀಲಿ 10 ಕಿಲೋಮೀಟರ್, 900 ಮೀಟರ್ ಏರು ಅಂತಿದೆ, ಅಂದ್ರೆ ಮೂರೂವರೆ ಗಂಟೆ, ಆದ್ರೆ ಅವರು ಐದು ಅಂತ ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ಆ ಒಂದೂವರೆ ಗಂಟೆ ಯಾರಿಗೋಸ್ಕರ? ಸೂತ್ರದಲ್ಲಿ ಕೂತು ಸುಧಾರಿಸಿಕೊಳ್ಳೋ ಹೊತ್ತು ಸೇರಿಲ್ಲ, ಮಂಡಿ ನೋವಿನವರೂ ಸೇರಿಲ್ಲ. ತೊಲೆ ಮೇಲೆ ಬೀಳೋ ಭಾರಕ್ಕಿಂತ ಜಾಸ್ತಿ ತಡೆಯೋ ಹಾಗೆ ಡಿಸೈನ್ ಮಾಡಿ ಅಭ್ಯಾಸ ಇದ್ದ ಮನುಷ್ಯ ಬೆಟ್ಟದಲ್ಲೂ ಅದನ್ನೇ ಮಾಡಿದ್ದಾರೆ ಅನ್ಸುತ್ತೆ ನನಗೆ. ಯಾವಾಗ್ಲೂ ಎಲ್ಲರಿಗಿಂತ ಹಿಂದೆ ನಡೀತಿದ್ರು ಅಂತ ಬೇರೆ ಕಡೆ ನೀವೇ ಬರೆದಿದ್ದೀರಿ, ಎರಡನ್ನೂ ಪಕ್ಕಪಕ್ಕ ತನ್ನಿ.

ನೆರೆ ಪರಿಹಾರ ಕೇಂದ್ರದ ವಿಷಯಾನೂ ಹೀಗೇ. ಬಟ್ಟೆ ಹಂಚೋದು ಬಿಟ್ಟು ಟ್ಯಾಂಕ್ ಅಳೀತಾ ನಿಂತಿದ್ರು ಅಂತ ಬರೆದಿದ್ದೀರಿ, ಯಾಕೆ ಅಂತ ಬರೆದಿಲ್ಲ. ಪರಿಹಾರ ಕೆಲಸದಲ್ಲಿ ಒಬ್ಬರಿಗೆ ದಿನಕ್ಕೆ ಕಡಿಮೆ ಅಂದ್ರೂ 15 ಲೀಟರ್ ನೀರು ಅನ್ನೋ ಮಾನದಂಡ ಇದೆ, ಕುಡಿಯೋಕೆ, ಅಡುಗೆಗೆ, ತೊಳೆಯೋಕೆ ಎಲ್ಲಾ ಸೇರಿ. ಇನ್ನೂರು ಜನಕ್ಕೆ 3000 ಲೀಟರ್. ಅವರ ತಲೇಲಿ ಓಡ್ತಿದ್ದಿದ್ದು ಇದೇ ಇರಬೇಕು, ಜೊತೆಗಿದ್ದ ಸ್ವಯಂಸೇವಕರನ್ನ ಕೇಳಿ ಖಚಿತ ಮಾಡ್ಕೊಳ್ಳಿ.

ಇನ್ನೊಂದು, ‘ಸ್ವಲ್ಪ ಕಟ್ಟುನಿಟ್ಟು’ ಅಂತ ಜಾರಿಕೊಂಡಿದ್ದೀರಿ. ತುದಿ ಕಣ್ಣಿಗೆ ಕಾಣ್ತಿದ್ದಾಗ, ಮೋಡ ಕವೀತು ಅಂತ ಎಲ್ಲರನ್ನೂ ವಾಪಸ್ ಇಳಿಸಿದ್ರು, ನೀವು ಬುಡದವರೆಗೂ ಅವರ ಹತ್ರ ಮಾತಾಡ್ಲಿಲ್ಲ. ಆ ಕೋಪಾನ ಪೂರ್ತಿ ಬರೀರಿ, ಇವತ್ತಿಗೂ ಅವರು ಮಾಡಿದ್ದು ಸರಿ ಇರಲಿಲ್ಲ ಅನ್ಸಿದ್ರೆ ಅದನ್ನೂ ಬರೀರಿ, ತೀರಿಕೊಂಡವರಿಗೆ ಅದ್ರಿಂದ ಅವಮಾನ ಆಗಲ್ಲ. ದೊಡ್ಡಮ್ಮನ್ನೂ ಮಾತಾಡಿಸಿ, ರಜಾ ದಿನ ಬಂದ್ರೆ ಬ್ಯಾಗ್ ಏರಿಸಿಕೊಂಡು ಹೊರಡೋ ಗಂಡನ ಜೊತೆ ಬದುಕಿದವರು ಅವರು, ನಿಮ್ಮ ಲೇಖನದಲ್ಲಿ ಅವರದ್ದು ಒಂದು ಮಾತೂ ಇಲ್ಲ.

‘ಅವರ ಆದರ್ಶ ನಮಗೆ ದಾರಿದೀಪ’ ಅನ್ನೋ ಕಡೇ ಪ್ಯಾರಾ ಕೈಬಿಡಿ. ಸಾವಿರ ಪದ ದಾಟಬೇಡಿ. ಸನ್ಮಾನದ ಫೋಟೋ ಬೇಡ, ಆ ಚೀಟೀನ ಬೆಳಕಲ್ಲಿಟ್ಟು ಸ್ಪಷ್ಟವಾಗಿ ತೆಗೆದು ಕಳಿಸಿ, ಲೇಖನದ ಜೊತೆ ಅದನ್ನೇ ಹಾಕೋಣ.