ಡೀಸೆಲ್ ಎಸ್‌ಯುವಿಯ ಎಳೆತ ಹೆಚ್ಚಿಸುವುದು: ಯಾವುದನ್ನು ಹಾಕಿಸಬಹುದು, ಯಾವುದು ಬೇಡ?

ಪ್ರಶ್ನೆ: ನನ್ನ ಬಳಿ 2021ರ ಡೀಸೆಲ್ ಎಸ್‌ಯುವಿ ಇದೆ. ಆರು ಗೇರಿನ ಮ್ಯಾನುಯಲ್ ಗಾಡಿ, 80 ಸಾವಿರ ಕಿ.ಮೀ. ಓಡಿದೆ, ವಾರಂಟಿ ಮುಗಿದಿದೆ. ಕುಟುಂಬದೊಂದಿಗೆ ಆಗಾಗ ಮಂಗಳೂರಿಗೆ ಹೋಗಿಬರುತ್ತೇವೆ. ವಾಪಸು ಬರುವಾಗ ಶಿರಾಡಿ ಘಾಟಿಯ ಏರಿನಲ್ಲಿ ಲಾರಿಗಳನ್ನು ಹಿಂದಿಕ್ಕಲು ಎಳೆತ ಸಾಲುತ್ತಿಲ್ಲ. ಇಸಿಯು ರೀಮ್ಯಾಪ್ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ತಂತ್ರಾಂಶ ಬದಲಿಸುವುದು), ಕೋನ್ ಆಕಾರದ ಏರ್ ಫಿಲ್ಟರ್, ಫ್ರೀ ಫ್ಲೋ ಎಕ್ಸಾಸ್ಟ್ (ಹೊಗೆಗೆ ತಡೆ ಕಡಿಮೆಯಿರುವ ಕೊಳವೆ) ಮತ್ತು ಬ್ಲೋ ಆಫ್ ವಾಲ್ವ್ (ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊದ ಹೆಚ್ಚುವರಿ ಒತ್ತಡ ಹೊರಬಿಡುವ ಕವಾಟ), ಈ ನಾಲ್ಕನ್ನೂ ಒಟ್ಟಿಗೆ ಹಾಕಿಸಿಕೊಳ್ಳುವಂತೆ ಬೆಂಗಳೂರಿನ ಟ್ಯೂನಿಂಗ್ ಅಂಗಡಿಯೊಂದರವರು ಹೇಳಿದ್ದಾರೆ. ಹಾಕಿಸಬಹುದೇ? ಎಂಜಿನ್ನಿನ ಬಾಳಿಕೆಗೆ ತೊಂದರೆಯಾಗುತ್ತದೆಯೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಈ ನಾಲ್ಕರಲ್ಲಿ ನಿಮ್ಮ ಗಾಡಿಯ ಎಳೆತವನ್ನು ನಿಜವಾಗಿ ಹೆಚ್ಚಿಸಬಲ್ಲದ್ದು ರೀಮ್ಯಾಪ್ ಒಂದೇ. ಆದರೆ ಅದಕ್ಕೂ ಮೊದಲು, ಗಾಡಿ ಹೊಸದಾಗಿದ್ದಾಗ ಇದ್ದ ಶಕ್ತಿ ಈಗಲೂ ಪೂರ್ತಿಯಾಗಿ ಉಳಿದಿದೆಯೇ ಎಂಬುದನ್ನು ಪರೀಕ್ಷಿಸಬೇಕು. 80 ಸಾವಿರ ಕಿ.ಮೀ. ಓಡಿದ ಡೀಸೆಲ್ ಗಾಡಿಯಲ್ಲಿ ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ರಬ್ಬರ್ ಹೋಸ್ ಸೀಳು ಬಿಟ್ಟು ಗಾಳಿ ಸೋರುವುದು, ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್ನಿಗೆ ತಿರುಗಿಸುವ ಇಜಿಆರ್ ವಾಲ್ವ್‌ಗೆ ಮಸಿ ಕಟ್ಟಿ ಅದು ಪೂರ್ತಿ ಮುಚ್ಚದಿರುವುದು, ಡೀಸೆಲ್ ಫಿಲ್ಟರ್ ಕಟ್ಟಿಕೊಳ್ಳುವುದು, ಟರ್ಬೊ ಒತ್ತಡವನ್ನು ನಿಯಂತ್ರಿಸುವ ಆಕ್ಚುಯೇಟರ್ ಬಿಗಿಯಾಗುವುದು ಸಾಮಾನ್ಯ. ಇವುಗಳಲ್ಲಿ ಯಾವುದೇ ಒಂದಿದ್ದರೂ ಏರಿನಲ್ಲಿ ಗಾಡಿ ಸೊರಗುತ್ತದೆ. ಹಲವು ಬಾರಿ ಎಚ್ಚರಿಕೆ ದೀಪವೂ ಉರಿಯುವುದಿಲ್ಲ. ಸ್ಕ್ಯಾನರ್ ಜೋಡಿಸಿ, ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ ಏರು ಹತ್ತಿಸುತ್ತ, ಇಸಿಯು ಬಯಸುವ ಬೂಸ್ಟ್ ಒತ್ತಡಕ್ಕೂ (ಟರ್ಬೊ ಕೊಡುವ ಗಾಳಿಯ ಒತ್ತಡ) ನಿಜವಾಗಿ ಸಿಗುತ್ತಿರುವ ಒತ್ತಡಕ್ಕೂ ಎಷ್ಟು ಅಂತರವಿದೆ ಎಂದು ನೋಡಲು ನಿಮ್ಮ ಮೆಕ್ಯಾನಿಕ್‌ಗೆ ಹೇಳಿ. ಜೊತೆಗೆ ರೈಲ್ ಒತ್ತಡ (ಇಂಜೆಕ್ಟರ್‌ಗಳಿಗೆ ಹೋಗುವ ಇಂಧನದ ಒತ್ತಡ) ಮತ್ತು ಹೊಗೆಯ ಮಸಿ ಸೋಸುವ ಫಿಲ್ಟರ್ ಆದ ಡಿಪಿಎಫ್‌ನ ಎರಡು ಬದಿಯ ಒತ್ತಡದ ವ್ಯತ್ಯಾಸವನ್ನೂ ದಾಖಲಿಸಿಕೊಳ್ಳಲಿ. ದೋಷವಿರುವ ಎಂಜಿನ್ನಿಗೆ ರೀಮ್ಯಾಪ್ ಮಾಡಿಸಿದರೆ ದೋಷವೇ ದೊಡ್ಡದಾಗುತ್ತದೆ.

ಗಾಡಿ ಸರಿಯಾಗಿದೆ ಎಂದು ಖಚಿತವಾದ ಮೇಲೆ ರೀಮ್ಯಾಪ್ ವಿಚಾರ. ಪೆಟ್ರೋಲ್ ಎಂಜಿನ್ನಿನ ಶಕ್ತಿಯನ್ನು ಒಳಹೋಗುವ ಗಾಳಿಯ ಪ್ರಮಾಣ ನಿಯಂತ್ರಿಸಿದರೆ, ಡೀಸೆಲ್ ಎಂಜಿನ್ನಿನ ಶಕ್ತಿಯನ್ನು ಸಿಂಪಡಿಸುವ ಇಂಧನದ ಪ್ರಮಾಣ ನಿಯಂತ್ರಿಸುತ್ತದೆ. ನೀವು ಪೆಡಲ್ ಒತ್ತಿದಾಗ ಇಸಿಯು ಅದನ್ನು ಇಷ್ಟು ಟಾರ್ಕ್ (ತಿರುಗುಬಲ) ಬೇಕೆಂಬ ಕೋರಿಕೆಯಾಗಿ ಪರಿವರ್ತಿಸಿ, ಲಭ್ಯವಿರುವ ಗಾಳಿಗೆ ಎಷ್ಟು ಇಂಧನ ಸುರಿದರೆ ಕಪ್ಪು ಹೊಗೆ ಬರುವುದಿಲ್ಲ, ಗೇರ್‌ಬಾಕ್ಸ್ ಎಷ್ಟು ಟಾರ್ಕ್ ತಡೆಯುತ್ತದೆ, ಟರ್ಬೊ ಎಷ್ಟು ಬಿಸಿ ತಾಳುತ್ತದೆ ಎಂಬ ಹಲವು ಮಿತಿಗಳ ಮೂಲಕ ಹಾಯಿಸಿ, ಕೊನೆಗೆ ಇಂಜೆಕ್ಟರ್‌ಗಳಿಗೆ ಆದೇಶ ಕೊಡುತ್ತದೆ. ರೀಮ್ಯಾಪ್ ಮಾಡುವವರು ಏರಿಸುವುದು ಈ ಮಿತಿಗಳನ್ನೇ.

ಎಂಜಿನ್ನಿನ ಸಾಮರ್ಥ್ಯಕ್ಕೂ ಈ ಮಿತಿಗಳಿಗೂ ನಡುವೆ ಕಂಪನಿಯವರು ಬಿಟ್ಟಿರುವ ಅಂತರ ಸುಳ್ಳಲ್ಲ. ಟಾಟಾ ಹ್ಯಾರಿಯರ್‌ನ ಎರಡು ಲೀಟರ್ ಡೀಸೆಲ್ ಎಂಜಿನ್ 2019ರಲ್ಲಿ 140 ಪಿಎಸ್ ಶಕ್ತಿಯೊಂದಿಗೆ ಬಂದು, 2020ರಲ್ಲಿ 170 ಪಿಎಸ್‌ಗೆ ಏರಿತು. ಆದರೆ ಆ ಅಂತರವೆಲ್ಲ ನಮಗೆ ಬಳಸಲು ಸಿಗುವಂಥದ್ದಲ್ಲ. ಟೊಯೊಟಾ ಫಾರ್ಚುನರ್‌ನ 2.8 ಲೀಟರ್ ಡೀಸೆಲ್ ಎಂಜಿನ್ ಮ್ಯಾನುಯಲ್ ಗಾಡಿಯಲ್ಲಿಯೂ ಆಟೊಮ್ಯಾಟಿಕ್ ಗಾಡಿಯಲ್ಲಿಯೂ 204 ಪಿಎಸ್ ಶಕ್ತಿಯನ್ನೇ ಕೊಡುತ್ತದೆ. ಟಾರ್ಕ್ ಮಾತ್ರ ಆಟೊಮ್ಯಾಟಿಕ್‌ನಲ್ಲಿ 500 ನ್ಯೂಟನ್ ಮೀಟರ್, ಮ್ಯಾನುಯಲ್‌ನಲ್ಲಿ 420. ಎಂಜಿನ್ ಕೊಡಬಲ್ಲ ಟಾರ್ಕನ್ನೆಲ್ಲ ಅದರ ಹಿಂದಿನ ಭಾಗಗಳಿಗೆ ಬಿಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ನಿಮ್ಮದು ಮ್ಯಾನುಯಲ್ ಗಾಡಿಯಾದ್ದರಿಂದ ಮೊದಲು ಸೋಲುವುದು ಕ್ಲಚ್. 80 ಸಾವಿರ ಕಿ.ಮೀ. ಸವೆದ ಕ್ಲಚ್ ಪ್ಲೇಟಿನ ಮೇಲೆ 1,800 ಆರ್‌ಪಿಎಂ ಆಸುಪಾಸಿನಲ್ಲಿ ಒಮ್ಮೆಲೇ ಟಾರ್ಕ್ ಬಂದು ಬಿದ್ದರೆ ಅದು ಜಾರತೊಡಗುತ್ತದೆ. ಜಾರಿದಾಗ ಬಿಸಿಯಾಗಿ ಇನ್ನಷ್ಟು ಬೇಗ ಸವೆಯುತ್ತದೆ. ಎಂಜಿನ್ನಿನ ಅದುರು ಹೀರುವ ಡ್ಯುಯಲ್ ಮಾಸ್ ಫ್ಲೈವೀಲ್ ಇರುವ ಗಾಡಿಯಾದರೆ ಅದಕ್ಕೂ ಪೆಟ್ಟು. ಆದ್ದರಿಂದ ಕೆಳ ಆರ್‌ಪಿಎಂನ ಟಾರ್ಕ್ ಹೆಚ್ಚುಕಡಿಮೆ ಮೊದಲಿನಂತೆಯೇ ಇರಲಿ, 2,200ರಿಂದ 3,500 ಆರ್‌ಪಿಎಂವರೆಗಿನ ಎಳೆತ ಹೆಚ್ಚಲಿ ಎಂದು ಸ್ಪಷ್ಟವಾಗಿ ಕೇಳಿಕೊಳ್ಳಿ. ನೀವು ಲಾರಿ ಹಿಂದಿಕ್ಕುವುದು ಮೂರನೇ ಗೇರಿನಲ್ಲಿ, ಇದೇ ವೇಗದ ವ್ಯಾಪ್ತಿಯಲ್ಲಿ. ಸಿಗ್ನಲ್‌ನಲ್ಲಿ ಹಠಾತ್ತನೆ ಚಿಮ್ಮುವ ಗಾಡಿ ಬೇಕೆಂಬ ಆಸೆಗೆ ಮಾಡುವ ಮ್ಯಾಪ್ ನಿಮಗೆ ಪ್ರಯೋಜನವಿಲ್ಲ.

ಎರಡನೆಯದು ಬಿಸಿ. ಡೈನೊ ಮೇಲೆ ಶಕ್ತಿ ಅಳೆಯುವ ಒಂದು ಓಟ ಕೆಲವೇ ಸೆಕೆಂಡುಗಳದ್ದು. ಘಾಟಿಯ ಬುಡದ ಗುಂಡ್ಯ ದಾಟಿದ ಮೇಲೆ ಎಂಜಿನ್ ಬಹಳ ಹೊತ್ತು ಭಾರ ಹೊತ್ತು, ನಿಧಾನ ವೇಗದಲ್ಲಿ, ಇಂಟರ್‌ಕೂಲರಿಗೆ ಎದುರು ಗಾಳಿ ಸಾಕಷ್ಟು ಸಿಗದೆ ಹತ್ತಬೇಕಾಗುತ್ತದೆ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರಿಗಿಂತ ಎತ್ತರದಲ್ಲಿದ್ದು, ಅಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಹೆಚ್ಚುಕಡಿಮೆ ಶೇ 10ರಷ್ಟು ತೆಳುವಾಗಿರುತ್ತದೆ. ಅಷ್ಟೇ ಒತ್ತಡ ಒದಗಿಸಲು ಟರ್ಬೊ ಅಲ್ಲಿ ಹೆಚ್ಚು ವೇಗದಲ್ಲಿ ತಿರುಗಬೇಕು. ಇಂಧನ ಹೆಚ್ಚಿಸಿ ಗಾಳಿ ಹೆಚ್ಚಿಸದ ಮ್ಯಾಪ್ ಇಂಥ ಏರಿನಲ್ಲಿ ಹೊರಹೋಗುವ ಅನಿಲದ ಬಿಸಿಯನ್ನು ಟರ್ಬೊ ತಾಳದ ಮಟ್ಟಕ್ಕೆ ಒಯ್ಯುತ್ತದೆ. ಹೊಗೆಯ ಮಿತಿಯನ್ನೂ ಬಿಸಿಯ ಮಿತಿಯನ್ನೂ ಮುಟ್ಟದೆ, ಶೇ 10ರಿಂದ 15ರಷ್ಟು ಹೆಚ್ಚಳಕ್ಕೆ ನಿಲ್ಲಿಸುವವರಲ್ಲಿ ಮಾತ್ರ ಮಾಡಿಸಿ. ಶೇ 30 ಹೆಚ್ಚಿಸಿಕೊಡುತ್ತೇವೆ ಎನ್ನುವವರಿಗೆ ಕೈಮುಗಿದು ಹೊರಬನ್ನಿ. ಇಸಿಯುವಿನ ಮೂಲ ಫೈಲಿನ ಪ್ರತಿಯನ್ನು ಪಡೆದು ಜೋಪಾನವಾಗಿಡಿ.

ಏರ್ ಫಿಲ್ಟರ್ ಬದಲಿಸುವ ಅಗತ್ಯವಿಲ್ಲ. ಬಾನೆಟ್ಟಿನೊಳಗೆ ತೆರೆದಿರುವ ಕೋನ್ ಫಿಲ್ಟರ್ ಎಂಜಿನ್ನಿನ ಸುತ್ತಲಿನ ಬಿಸಿ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಕಂಪನಿಯ ಪೆಟ್ಟಿಗೆಯಾದರೋ ಹೊರಗಿನ ತಂಪು ಗಾಳಿಯನ್ನು ತರುವಂತೆ ರೂಪಿಸಿದ್ದು. ಎಣ್ಣೆ ಸವರಿದ ಕಾಟನ್ ಫಿಲ್ಟರಿಗೆ ಎಣ್ಣೆ ಹೆಚ್ಚಾದರೆ ಅದು ಗಾಳಿ ಅಳೆಯುವ ಸೆನ್ಸರಿನ ಮೇಲೆ ಕೂತು ಅಳತೆಯನ್ನೇ ಕೆಡಿಸುತ್ತದೆ. ತೋಟದ ಮಣ್ಣುದಾರಿಯಲ್ಲೂ ಗಾಡಿ ಓಡುವುದಾದರೆ ಸೂಕ್ಷ್ಮ ಧೂಳು ಟರ್ಬೊ ರೆಕ್ಕೆಗಳನ್ನೂ ಪಿಸ್ಟನ್ ರಿಂಗ್‌ಗಳನ್ನೂ ಸವೆಸುತ್ತದೆ. ಕಾಗದದ ಫಿಲ್ಟರನ್ನೇ ಸಮಯಕ್ಕೆ ಮೊದಲೇ ಬದಲಿಸಿ. ಬ್ಲೋ ಆಫ್ ವಾಲ್ವ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ: ಪೆಡಲ್ ಬಿಟ್ಟಾಗ ಥ್ರಾಟಲ್ ಮುಚ್ಚಿ ಗಾಳಿ ತಿರುಗಿ ಟರ್ಬೊಗೆ ಬಡಿಯುವ ಪೆಟ್ರೋಲ್ ಎಂಜಿನ್ನಿಗೆ ಅದು ಬೇಕು. ಡೀಸೆಲ್‌ನಲ್ಲಿ ಅದು ಸದ್ದಿಗಾಗಿ ಹಾಕಿಸುವ ಸಾಮಾನು.

ಎಕ್ಸಾಸ್ಟ್ ವಿಚಾರದಲ್ಲಿ ಎಚ್ಚರ ಬೇಕು. ನಿಮ್ಮದು ಬಿಎಸ್6 ಗಾಡಿ. ಹೊಗೆಯ ದಾರಿಯಲ್ಲಿ ಹೆಚ್ಚು ತಡೆ ಒಡ್ಡುವುದು ಕೊನೆಯ ಸೈಲೆನ್ಸರ್ ಅಲ್ಲ, ಮಸಿ ಹಿಡಿದಿಡುವ ಡಿಪಿಎಫ್. ಸೈಲೆನ್ಸರ್ ಮಾತ್ರ ಬದಲಿಸಿದರೆ ಸದ್ದು ಬದಲಾಗುತ್ತದೆ, ಶಕ್ತಿ ಬದಲಾಗುವುದಿಲ್ಲ. ಡಿಪಿಎಫ್ ಕಿತ್ತುಹಾಕುವ ಸಲಹೆ ಬಂದರೆ ಒಪ್ಪಬೇಡಿ. ಮಾಲಿನ್ಯದ ಮಾನದಂಡ ಮೀರಿದ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ ಕಲಂ 190(2)ರಡಿ ಮೂರು ತಿಂಗಳವರೆಗಿನ ಸೆರೆವಾಸ, 10,000 ರೂಪಾಯಿವರೆಗಿನ ದಂಡ ಮತ್ತು ಮೂರು ತಿಂಗಳ ಲೈಸೆನ್ಸ್ ಅನರ್ಹತೆಗೆ ಅವಕಾಶವಿದೆ. ಅನುಮತಿಯಿಲ್ಲದ ಮಾರ್ಪಾಡಿಗೆ 2019ರ ತಿದ್ದುಪಡಿಯಲ್ಲಿ ಸೇರಿದ ಕಲಂ 182ಎ(4) ಪ್ರಕಾರ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ರೀಮ್ಯಾಪ್ ಕಣ್ಣಿಗೆ ಕಾಣದ ಬದಲಾವಣೆಯಾದರೂ ಅದನ್ನು ಮುಚ್ಚಿಟ್ಟರೆ ಅಪಘಾತದ ನಂತರ ವಿಮೆಯ ಕ್ಲೇಮಿನಲ್ಲಿ ತಕರಾರು ಏಳಬಹುದು. ಮಾಡಿಸುವ ಮೊದಲೇ ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಅವರ ಉತ್ತರ ಪಡೆಯಿರಿ.

ರೀಮ್ಯಾಪ್ ಆದ ಮೇಲೆ ವಾರಕ್ಕೊಮ್ಮೆ ಎಂಜಿನ್ ಆಯಿಲಿನ ಡಿಪ್‌ಸ್ಟಿಕ್ ನೋಡುವ ಅಭ್ಯಾಸ ಮಾಡಿಕೊಳ್ಳಿ. ಇಂಧನ ಹೆಚ್ಚಾದರೆ ಮಸಿಯೂ ಹೆಚ್ಚಿ ಡಿಪಿಎಫ್ ಮತ್ತೆ ಮತ್ತೆ ತನ್ನನ್ನು ತಾನೇ ಸುಟ್ಟು ಶುಚಿಗೊಳಿಸಿಕೊಳ್ಳುತ್ತದೆ. ಅದಕ್ಕಾಗಿ ತಡವಾಗಿ ಸಿಂಪಡಿಸುವ ಡೀಸೆಲ್‌ನ ಸ್ವಲ್ಪ ಭಾಗ ಸಿಲಿಂಡರಿನ ಗೋಡೆ ಹಿಡಿದು ಆಯಿಲಿಗೆ ಇಳಿಯುತ್ತದೆ. ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ ತಕ್ಷಣ ಬದಲಿಸಿ, ಮ್ಯಾಪ್ ಮಾಡಿದವರ ಬಳಿ ಗಾಡಿ ತೋರಿಸಿ.

ಪ್ರಶ್ನೆ: ನನ್ನದು ವಾರಂಟಿಯಲ್ಲಿರುವ ಹೊಸ ಡೀಸೆಲ್ ಎಸ್‌ಯುವಿ. ರೀಮ್ಯಾಪ್ ಬದಲು, ಬೇಕೆಂದಾಗ ಕಳಚಿಡಬಹುದಾದ ಟ್ಯೂನಿಂಗ್ ಬಾಕ್ಸ್ ಸುರಕ್ಷಿತವೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಸಾಮಾನ್ಯ ಬಾಕ್ಸ್ ಮಾಡುವ ಕೆಲಸ ಇಷ್ಟೇ: ರೈಲ್ ಒತ್ತಡ ನಿಜಕ್ಕಿಂತ ಕಡಿಮೆಯಿದೆ ಎಂದು ಇಸಿಯುಗೆ ಸುಳ್ಳು ಹೇಳುವುದು. ಅದನ್ನು ನಂಬಿದ ಇಸಿಯು ಒತ್ತಡ ಏರಿಸುತ್ತದೆ, ಇಂಧನ ಹೆಚ್ಚು ಸುರಿಯುತ್ತದೆ. ತೊಂದರೆಯೆಂದರೆ, ಡಿಪಿಎಫ್‌ನಲ್ಲಿ ಎಷ್ಟು ಮಸಿ ತುಂಬಿದೆ, ಗೇರ್‌ಬಾಕ್ಸಿಗೆ ಎಷ್ಟು ಟಾರ್ಕ್ ಹೋಗುತ್ತಿದೆ ಎಂಬ ಲೆಕ್ಕಗಳನ್ನೂ ಇಸಿಯು ಅದೇ ಸುಳ್ಳಿನ ಆಧಾರದ ಮೇಲೆ ಮಾಡುತ್ತಿರುತ್ತದೆ. ಆಟೊಮ್ಯಾಟಿಕ್ ಗಾಡಿಯಲ್ಲಿ ಇದರ ಕೆಟ್ಟ ಪರಿಣಾಮ ಇನ್ನೂ ಹೆಚ್ಚು. ಬಾಕ್ಸ್ ಕಳಚಿಟ್ಟರೂ ಫಾಲ್ಟ್ ಕೋಡ್‌ಗಳ ದಾಖಲೆ ಇಸಿಯುವಿನಲ್ಲಿ ಉಳಿಯಬಹುದು. ಒಳ್ಳೆಯ ರೀಮ್ಯಾಪ್‌ಗಿಂತ ಇದು ಕೀಳು ಎಂಬುದೇ ನನ್ನ ಅಭಿಪ್ರಾಯ. ವಾರಂಟಿ ಮುಗಿಯುವವರೆಗೆ ಎರಡೂ ಬೇಡ.

ಪ್ರಶ್ನೆ: ಪೆಡಲ್ ಬಾಕ್ಸ್ ಹಾಕಿಸಿದರೆ ಪಿಕಪ್ ಹೆಚ್ಚುತ್ತದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಶಕ್ತಿ ಹೆಚ್ಚುವುದಿಲ್ಲ. ಪೆಡಲನ್ನು ಶೇ 30 ಒತ್ತಿದಾಗ ಶೇ 50 ಒತ್ತಿದಂತೆ ಇಸಿಯುಗೆ ತಿಳಿಸುವುದಷ್ಟೇ ಅದರ ಕೆಲಸ. ಪೂರ್ತಿ ಒತ್ತಿದಾಗ ಗಾಡಿ ಮೊದಲಿನಷ್ಟೇ ಓಡುತ್ತದೆ. ನಿಮ್ಮ ಗಾಡಿಯಲ್ಲಿ ಸ್ಪೋರ್ಟ್ ಮೋಡ್ ಇದ್ದರೆ ಅದನ್ನು ಮೊದಲು ಒತ್ತಿ ನೋಡಿ. ಅದರಲ್ಲಿಯೂ ಪೆಡಲ್ ಹೀಗೆಯೇ ಚುರುಕಾಗುತ್ತದೆ, ಪ್ರತ್ಯೇಕ ಖರ್ಚಿಲ್ಲ.