ಸೈನ್ಯಕ್ಕೆ ಸೇರಿದವರ ಮೆದುಳಿನ ಕೆಮಿಸ್ಟ್ರಿ ನಮಗಿಂತ ಬೇರೆ ಇರುತ್ತದಾ?

ರಜೆಗೆ ಬಂದ ಅಣ್ಣ ಸಣ್ಣ ಸದ್ದಿಗೂ ಎದ್ದು ಕೂರುತ್ತಾನೆ, ಅವನ ಮೆದುಳೇ ಬದಲಾಗಿದೆಯಾ ಅಂತ ಕೇಳಿದ್ದೀರಿ. ಯೂನಿಫಾರ್ಮ್ ಹಾಕಿದ ಮಾತ್ರಕ್ಕೆ ಬದಲಾಗುವುದಿಲ್ಲ. ಒತ್ತಡ ಬಿದ್ದಾಗ ಒಳಗೆ ಏನು ಏರುತ್ತದೆ, ಅದು ಎಷ್ಟು ಬೇಗ ಇಳಿಯುತ್ತದೆ, ವ್ಯತ್ಯಾಸ ಇರುವುದು ಅಲ್ಲಿ.

ನನ್ನ ಸೋದರಮಾವ ಫೌಜಿ. ರಿಟೈರ್ ಆಗಿ ಬಂದ ಹೊಸದರಲ್ಲಿ ರಾತ್ರಿ ಎರಡೆರಡು ಗಂಟೆಗೊಮ್ಮೆ ಎದ್ದು ಬಾಗಿಲ ಚಿಲಕ ಮುಟ್ಟಿ ನೋಡಿ ಮಲಗುತ್ತಿದ್ದರು. ಸಂತ್ರಿ ಡ್ಯೂಟಿ ಬದಲಾಗುತ್ತಿದ್ದ ಲೆಕ್ಕವಂತೆ ಅದು. "ಕಳ್ಳ ಬಂದ್ರೆ ನಿಮ್ಮನ್ನ ನೋಡಿ ಅವನೇ ಹೆದರ್ಕೋತಾನೆ" ಅಂತ ಅತ್ತೆ ಬೈಯುತ್ತಿದ್ದರು. ಹೀಗೆ ಎಚ್ಚರವಾಗಿ ಇಡುವುದರಲ್ಲಿ ಒತ್ತಡ ಬಿದ್ದಾಗ ಏರುವ ರಾಸಾಯನಿಕ ನಾರ್‌ಅಡ್ರಿನಲಿನ್‌ನದು ದೊಡ್ಡ ಕೈ. ಅದು ನಮ್ಮಲ್ಲೂ ಇದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಗೊತ್ತಾಗುತ್ತದಲ್ವಾ!

ಅಮೆರಿಕದ ಸೈನಿಕರ ಮೇಲೆ ನಡೆದ ಒಂದು ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಶತ್ರುವಿನ ಕೈಗೆ ಸಿಕ್ಕಿಬಿದ್ದಂತೆ ನಟಿಸಿ ಕಠಿಣ ವಿಚಾರಣೆ ಮಾಡುವ ತರಬೇತಿ ಅದು. ಆಗ ರಕ್ತದಲ್ಲಿ ನ್ಯೂರೋಪೆಪ್ಟೈಡ್ ವೈ ಎಂಬ ವಸ್ತುವನ್ನು ಅಳೆದರು. ಗಾಬರಿಗೆ ಬ್ರೇಕ್ ಹಾಕುವಂಥದ್ದು ಅದು. ತರಬೇತಿಗೆ ಮುಂಚೆ ವಿಶೇಷ ಪಡೆಯವರಿಗೂ ಉಳಿದ ಸೈನಿಕರಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ವಿಚಾರಣೆ ಮುಗಿದಾಗ ವಿಶೇಷ ಪಡೆಯವರಲ್ಲಿ ಜಾಸ್ತಿ ಏರಿತ್ತು. ಮಾರನೇ ದಿನ ಅವರದು ಮೊದಲಿನ ಮಟ್ಟಕ್ಕೆ ಬಂದಿತ್ತು, ಉಳಿದವರದು ಅದಕ್ಕಿಂತಲೂ ಕೆಳಗೆ ಇಳಿದಿತ್ತು. ನೋಡಿ, ಸೈನಿಕರಲ್ಲೇ ಇಷ್ಟು ಫರಕು. ಇದು ತರಬೇತಿಯಿಂದ ಬಂದದ್ದೋ, ಅಂಥವರೇ ಆಯ್ಕೆಯಾಗುತ್ತಾರೋ ಅಂತ ಈ ಒಂದರಿಂದ ಹೇಳೋಕಾಗಲ್ಲ.

ವಿಯೆಟ್ನಾಂ ಯುದ್ಧಕ್ಕೆ ಹೋದವರು ಮತ್ತು ಹೋಗದೆ ಮನೆಯಲ್ಲೇ ಉಳಿದ ಅವರ ತದ್ರೂಪಿ ಅವಳಿಗಳನ್ನು ಹೋಲಿಸಿದ ಅಧ್ಯಯನ 2002ರಲ್ಲಿ ಬಂತು. ಪಿಟಿಎಸ್‌ಡಿ (ಭಯಾನಕ ಘಟನೆಯ ನಂತರ ಕಾಡುವ ಮಾನಸಿಕ ಕಾಯಿಲೆ) ಜೋರಾಗಿದ್ದ ಮಾಜಿ ಸೈನಿಕರಲ್ಲಿ ನೆನಪಿಗೆ ಬೇಕಾದ ಮೆದುಳಿನ ಭಾಗ ಹಿಪೊಕ್ಯಾಂಪಸ್ ಚಿಕ್ಕದಿತ್ತು. ಯುದ್ಧವನ್ನೇ ಕಾಣದ ಅವರ ಅವಳಿಗಳಲ್ಲೂ ಚಿಕ್ಕದೇ! ಹಾಗಾಗಿ ಎಲ್ಲವನ್ನೂ ಯುದ್ಧದ ತಲೆಗೆ ಕಟ್ಟೋಕಾಗಲ್ಲ.

ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ವಿಷಯವಂತೂ ಉಲ್ಟಾ. ಪಿಟಿಎಸ್‌ಡಿ ಇರುವವರಲ್ಲಿ ಅದು ಜಾಸ್ತಿ ಇರಬೇಕು ಅನ್ನಿಸುತ್ತದೆ, ಹಲವು ಅಧ್ಯಯನಗಳಲ್ಲಿ ಕಡಿಮೆ ಸಿಕ್ಕಿದೆ.

ಅಣ್ಣ ಬಂದು ವಾರವಷ್ಟೇ ಆಗಿದೆ ಅಂದಿರಿ. ಸುಮ್ನೆ ಹಿಂದಿನಿಂದ ಹೋಗಿ ಭುಜ ಮುಟ್ಟಿ ಎಬ್ಬಿಸಬೇಡಿ, ಬಾಗಿಲಲ್ಲೇ ನಿಂತು ಹೆಸರು ಹಿಡಿದು ಕರೆಯಿರಿ. ತಿಂಗಳಾದರೂ ನಿದ್ದೆಯಿಲ್ಲ, ಕೆಟ್ಟ ಕನಸು, ಸಿಡುಕು ಹಾಗೇ ಇದ್ದರೆ ಮನೋವೈದ್ಯರ ಹತ್ತಿರ ಹೋಗಿ. ಬ್ಲಡ್ ಟೆಸ್ಟ್ ಮಾಡಿಸಿಕೊಂಡು ಹೋಗಬೇಕಿಲ್ಲ, ಪಿಟಿಎಸ್‌ಡಿಯನ್ನು ಅವರು ಕೂರಿಸಿ ಮಾತಾಡಿಸಿಯೇ ಪತ್ತೆಹಚ್ಚುತ್ತಾರೆ.