ಮಗಳ ಐಕ್ಯೂ 84 ಎಂದು ರಿಪೋರ್ಟ್ ಬಂದಿದೆ. ಇದನ್ನು ಎಷ್ಟು ನಂಬಬಹುದು?

9 ವರ್ಷದ ಮಗಳು ಓದಿನಲ್ಲಿ ಹಿಂದೆ ಬೀಳುತ್ತಿದ್ದಾಳೆ ಎಂದು ಪರೀಕ್ಷೆ ಮಾಡಿಸಿದಿರಿ. ಐಕ್ಯೂ 84 ಎಂದು ಬಂತು. ಟೀಚರ್ ಅದನ್ನು ನೋಡಿ "ಇವಳಿಂದ ಇಷ್ಟೇ ಆಗೋದು" ಎಂದರು. "ಹಾಗಾದ್ರೆ ನನ್ನ ಮಗಳು ದಡ್ಡಿನಾ?" ಎಂದು ಕೇಳಿದ್ದೀರಿ.

ಖಂಡಿತ ಇಲ್ಲ. ಮಕ್ಕಳಿಗೆ ಇಂಥ ಪರೀಕ್ಷೆ ಮಾಡುವುದೇ ನನ್ನ ಕೆಲಸ. ಇದೇ ಪ್ರಶ್ನೆ ಹೊತ್ತು ಬರುವ ಅಪ್ಪ ಅಮ್ಮಂದಿರನ್ನು ತುಂಬಾ ನೋಡಿದ್ದೇನೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಆ 84 ಏನು ಅಂತ ನೋಡೋಣ. ಇದು ಶಾಲೆಯಲ್ಲಿ ನೂರಕ್ಕೆ 84 ಬಂದ ಹಾಗಲ್ಲ. ಪರೀಕ್ಷೆ ಸಿದ್ಧಪಡಿಸುವಾಗ ಬೇರೆ ಬೇರೆ ಹಿನ್ನೆಲೆಯ ಬಹಳಷ್ಟು ಮಕ್ಕಳಿಗೆ ಅದನ್ನು ಕೊಟ್ಟು ನೋಡುತ್ತಾರೆ. ಆಯಾ ವಯಸ್ಸಿನವರ ಸರಾಸರಿಯನ್ನು 100 ಎಂದು ಇಟ್ಟುಕೊಳ್ಳುತ್ತಾರೆ. ನೂರು ಮಕ್ಕಳಲ್ಲಿ ಸುಮಾರು 68 ಮಂದಿ 85ರಿಂದ 115ರ ನಡುವೆ ಬರುವಂತೆ ಅಳತೆಪಟ್ಟಿ ಮಾಡಿರುತ್ತಾರೆ. ಅಂದರೆ ನಿಮ್ಮ ಮಗಳು ಆ ದೊಡ್ಡ ಗುಂಪಿನ ಅಂಚಿನಿಂದ ಒಂದೇ ಅಂಕ ಕೆಳಗಿದ್ದಾಳೆ. ರಿಪೋರ್ಟ್‌ನಲ್ಲಿ 14ನೇ ಪರ್ಸೆಂಟೈಲ್ ಎಂದೂ ಬರೆದಿರಬಹುದು. ಅದನ್ನು ನೋಡಿ "ಬರೀ ಶೇಕಡಾ 14 ಮಾರ್ಕ್ಸಾ?" ಎಂದು ಗಾಬರಿಯಾಗುವವರು ಜಾಸ್ತಿ. ಅದರ ಅರ್ಥ ಬೇರೆ. ಅದೇ ವಯಸ್ಸಿನ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 14 ಮಕ್ಕಳ ಅಂಕ ಅವಳಷ್ಟೇ ಅಥವಾ ಅವಳಿಗಿಂತ ಕಡಿಮೆ ಇರುತ್ತದೆ, ಅಷ್ಟೆ.

ಇನ್ನು, 84 ಎಂದರೆ ಕರಾರುವಾಕ್ಕಾಗಿ 84 ಅಲ್ಲ. ಅದೇ ಮಗು ಇನ್ನೊಂದು ದಿನ ಕೂತಿದ್ದರೆ 81 ಬರಬಹುದಿತ್ತು, 88 ಬರಬಹುದಿತ್ತು. ಅಳತೆ ಎಷ್ಟು ಸ್ಥಿರವಾಗಿದೆ ಎಂಬುದಕ್ಕೆ ನಮ್ಮಲ್ಲಿ ರಿಲಯಬಿಲಿಟಿ ಎನ್ನುತ್ತಾರೆ. ಅದು 1ಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು. 0.96 ಇದ್ದರೆ ತುಂಬಾ ಒಳ್ಳೆಯ ಪರೀಕ್ಷೆ. ಆದರೂ ಲೆಕ್ಕ ಹಾಕಿದರೆ ಎರಡೂ ಕಡೆಗೆ ಸುಮಾರು 6 ಅಂಕದ ಅಂತರ ಬಿಡಬೇಕಾಗುತ್ತದೆ. ಅಂದರೆ ನಿಮ್ಮ ಮಗಳ ಅಂಕ 78ರಿಂದ 90ರ ಒಳಗೆ ಎಲ್ಲೋ ಇದೆ ಎಂದು ಓದಬೇಕು. ಒಳ್ಳೆಯ ರಿಪೋರ್ಟ್‌ನಲ್ಲಿ ಈ ವ್ಯಾಪ್ತಿಯನ್ನು ಬರೆದೇ ಬರೆದಿರುತ್ತಾರೆ. ಒಂಟಿ ಅಂಕೆ ಮಾತ್ರ ಕೊಟ್ಟಿದ್ದರೆ ಕೇಳಿ ತಿಳಿದುಕೊಳ್ಳಿ.

ಆದರೆ ನಾನಾಗಿದ್ದರೆ ಒಟ್ಟು ಅಂಕಕ್ಕಿಂತ ಮೊದಲು ಅದರ ಒಳಗಿನ ಭಾಗಗಳನ್ನು ನೋಡುತ್ತೇನೆ. ಮಕ್ಕಳಿಗಾಗಿ ಬಹಳ ಕಡೆ ಬಳಸುವ ವೆಕ್ಸ್ಲರ್ ಪರೀಕ್ಷೆಯ ಐದನೇ ಆವೃತ್ತಿಯಲ್ಲಿ (2014) ಐದು ಭಾಗಗಳ ಅಂಕ ಬೇರೆ ಬೇರೆ ಸಿಗುತ್ತದೆ: ಮಾತಿನ ಗ್ರಹಿಕೆ, ಆಕಾರಗಳನ್ನು ಕಣ್ಣಿಂದ ಅರಿತು ಜೋಡಿಸುವುದು, ಹೊಸ ಸಮಸ್ಯೆಗೆ ತರ್ಕ ಹಚ್ಚುವುದು, ವರ್ಕಿಂಗ್ ಮೆಮೊರಿ (ಕೇಳಿದ್ದನ್ನು, ನೋಡಿದ್ದನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿಟ್ಟುಕೊಂಡು ಬಳಸುವುದು), ಕೆಲಸದ ವೇಗ. ಮಾತಿನ ಗ್ರಹಿಕೆಯಲ್ಲಿ 104 ಬಂದು ವೇಗದಲ್ಲಿ 70 ಬಂದ ಮಗು ಇರಬಹುದು. ಐದರಲ್ಲೂ 84ರ ಆಸುಪಾಸಿನಲ್ಲೇ ಇರುವ ಮಗುವೂ ಇರಬಹುದು. ಒಟ್ಟು ಅಂಕ ಒಂದೇ ಥರ ಕಂಡರೂ ಇಬ್ಬರಿಗೂ ಬೇಕಾದ ಸಹಾಯ ಪೂರ್ತಿ ಬೇರೆ. ಮೊದಲನೆಯ ಮಗುವಿಗೆ ವಿಷಯ ಅರ್ಥವಾಗುತ್ತದೆ, ಬರೆದು ಮುಗಿಸಲು ಸಮಯ ಸಾಲುವುದಿಲ್ಲ.

ಒಬ್ಬ ಹುಡುಗನ ನೆನಪಾಗುತ್ತದೆ. ಪ್ರಶ್ನೆ ಸ್ವಲ್ಪ ಕಷ್ಟವಾದರೆ ಸಾಕು, "ಗೊತ್ತಿಲ್ಲ" ಎನ್ನುತ್ತಿದ್ದ. ಅಂಕ ಕಡಿಮೆ ಬಂತು. ಎಲ್ಲ ಮುಗಿದ ಮೇಲೆ ಸುಮ್ನೆ ಮಾತಾಡುತ್ತಾ ಕೇಳಿದೆ, ಯಾಕಪ್ಪಾ ಊಹೆ ಕೂಡ ಮಾಡಲಿಲ್ಲ ಅಂತ. "ತಪ್ಪು ಹೇಳಿದ್ರೆ ಮಾರ್ಕ್ಸ್ ಕಟ್ ಮಾಡ್ತಾರೆ ಅಲ್ವಾ?" ಎಂದ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಅಲ್ಲಿ ಅಳತೆಯಾಗಿದ್ದು ಅವನ ಬುದ್ಧಿಯ ಜೊತೆಗೆ ಅವನ ಹೆದರಿಕೆಯೂ. ಅಂಕದ ಪಕ್ಕದಲ್ಲೇ ಇದನ್ನೂ ಬರೆದೆ, ಈ ಅಂಕವನ್ನು ಅವನ ನಿಜವಾದ ಸಾಮರ್ಥ್ಯ ಎಂದು ತೆಗೆದುಕೊಳ್ಳಬೇಡಿ ಎಂದು ಸೇರಿಸಿದೆ. ಅದಕ್ಕೇ ರಿಪೋರ್ಟ್‌ನಲ್ಲಿ ಮಗು ಹೇಗೆ ಕೂತಿತ್ತು, ದಣಿದಿತ್ತಾ, ಪರೀಕ್ಷೆಯ ಭಾಷೆ ಮನೆಮಾತೇ ಆಗಿತ್ತಾ ಎಂಬ ಭಾಗವನ್ನು ಬಿಡದೆ ಓದಿ.

ಪರೀಕ್ಷೆ ಬೇರೆ, ಮೌಲ್ಯಮಾಪನ ಬೇರೆ. ಪರೀಕ್ಷೆ ಒಂದು ಉಪಕರಣ. ಮೌಲ್ಯಮಾಪನದಲ್ಲಿ ಅದರ ಜೊತೆಗೆ ನಿಮ್ಮ ಹತ್ತಿರ ಮಾತಾಡುವುದು, ಮಗುವಿನ ಬೆಳವಣಿಗೆಯ ವಿವರ, ಟೀಚರ್ ಹೇಳುವುದು, ನೋಟ್‌ಬುಕ್‌ಗಳು, ಕಣ್ಣು ಕಿವಿಯ ತಪಾಸಣೆ ಎಲ್ಲ ಸೇರುತ್ತದೆ. ಬೌದ್ಧಿಕ ಅಸಾಮರ್ಥ್ಯ ಇದೆ ಎನ್ನಲು ಕೂಡ ಬರೀ ಐಕ್ಯೂ ಸಾಲದು. ಅಂಕ ಸುಮಾರು 70 ಅಥವಾ ಅದಕ್ಕಿಂತ ಕೆಳಗಿರಬೇಕು, ದಿನನಿತ್ಯದ ಕೆಲಸಗಳಲ್ಲೂ ತೊಂದರೆ ಕಾಣಬೇಕು, ಅದು ಚಿಕ್ಕಂದಿನಿಂದಲೇ ಇರಬೇಕು. ನಿಮ್ಮ ಮಗಳ ಅಂಕ ಆ ಗೆರೆಯಿಂದ ದೂರವೇ ಇದೆ.

ಇನ್ನೊಂದು ಮುಖ್ಯ ವಿಷಯ. ಯಾವ ಪರೀಕ್ಷೆಯೂ ಎಲ್ಲವನ್ನೂ ಅಳೆಯುವುದಿಲ್ಲ. ಏನನ್ನು ಅಳೆಯುತ್ತೇನೆ ಎನ್ನುತ್ತದೋ ಅದನ್ನೇ ಅಳೆಯುತ್ತಿದೆಯಾ ಎಂಬುದನ್ನು ವ್ಯಾಲಿಡಿಟಿ ಎನ್ನುತ್ತಾರೆ. ಓದುವುದರಲ್ಲೇ ತೊಂದರೆ ಇದೆಯಾ ಎಂದು ಐಕ್ಯೂ ಪರೀಕ್ಷೆ ಹೇಳುವುದಿಲ್ಲ. ಅದಕ್ಕೆ ಓದು, ಬರಹ, ಲೆಕ್ಕಕ್ಕೆಂದೇ ಬೇರೆ ಪರೀಕ್ಷೆಗಳಿವೆ. ನಿಮ್ಮ ಚಿಂತೆ ಓದಿನ ಬಗ್ಗೆ ತಾನೇ? ಅವನ್ನು ಮಾಡಿದ್ದಾರಾ ಎಂದು ಮೊದಲು ಕೇಳಿ.

ಟೀಚರ್ ಹೇಳಿದ ಮಾತು ನನಗೆ ನಿಜಕ್ಕೂ ನೋವು ತಂದಿತು. ಇಂಥ ಪರೀಕ್ಷೆಗಳು ಹುಟ್ಟಿದ್ದೇ ಅದಕ್ಕೆ ತದ್ವಿರುದ್ಧವಾದ ಕಾರಣಕ್ಕೆ. ತರಗತಿಯಲ್ಲಿ ಹಿಂದುಳಿಯುವ ಮಕ್ಕಳಿಗೆ ವಿಶೇಷ ಪಾಠ ಕೊಡಬೇಕು, ಅಂಥವರನ್ನು ಗುರುತಿಸುವುದು ಹೇಗೆ ಎಂದು ಫ್ರಾನ್ಸ್ ಸರ್ಕಾರ 1904ರಲ್ಲಿ ಒಂದು ಆಯೋಗ ಮಾಡಿತು. ಅದರಲ್ಲಿದ್ದ ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ, ಥಿಯೋಡೋರ್ ಸಿಮೋನ್ ಜೊತೆ ಸೇರಿ 1905ರಲ್ಲಿ 30 ಚಟುವಟಿಕೆಗಳ ಪರೀಕ್ಷೆ ಸಿದ್ಧಪಡಿಸಿದರು. ಬುದ್ಧಿ ಹುಟ್ಟಿನಿಂದಲೇ ನಿಗದಿಯಾದ ಪ್ರಮಾಣ, ಅದು ಬೆಳೆಯುವುದಿಲ್ಲ ಎನ್ನುವವರನ್ನು ಬಿನೆ ಖಂಡಿಸಿದ್ದರು. ಅಭ್ಯಾಸದಿಂದ, ಸರಿಯಾದ ಕಲಿಸುವಿಕೆಯಿಂದ ಅದು ಹೆಚ್ಚುತ್ತದೆ ಎಂಬುದು ಅವರ ನಂಬಿಕೆ.

ಈಗ ಏನು ಮಾಡಬಹುದು? ಪರೀಕ್ಷೆ ಮಾಡಿದವರ ಹತ್ತಿರ ಇನ್ನೊಂದು ಸಲ ಸಮಯ ತೆಗೆದುಕೊಳ್ಳಿ. ಭಾಗವಾರು ಅಂಕ ಎಷ್ಟು, ಯಾವ ಆವೃತ್ತಿ ಬಳಸಿದರು, ಯಾವ ಮಕ್ಕಳ ಜೊತೆ ಹೋಲಿಸಿದರು ಎಂದು ಕೇಳಿ. ಹೀಗೆ ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ. ಅಂಕ ಕಡಿಮೆ ಬಂತು ಎಂದು ತಕ್ಷಣ ಬೇರೆ ಕಡೆ ಅದೇ ಪರೀಕ್ಷೆ ಮಾಡಿಸಬೇಡಿ. ಪ್ರಶ್ನೆಗಳು ನೆನಪಿನಲ್ಲಿ ಇರುವುದರಿಂದ ಅಂಕ ಸುಮ್ಮನೆ ಏರುತ್ತದೆ, ಆ ಏರಿಕೆಯಿಂದ ಅವಳ ಬಗ್ಗೆ ಏನೂ ತಿಳಿಯುವುದಿಲ್ಲ. ಸಾಮಾನ್ಯವಾಗಿ ಒಂದು ವರ್ಷವಾದರೂ ಬಿಡುವುದು ಒಳ್ಳೆಯದು.

ಆಮೇಲೆ ಟೀಚರನ್ನು ಭೇಟಿಯಾಗಿ. ಒಟ್ಟು ಅಂಕದ ಪುಟ ಬೇಡ, ಭಾಗವಾರು ಅಂಕ ಇರುವ ಪುಟ ತೆಗೆದುಕೊಂಡು ಹೋಗಿ. ವೇಗ ಕಡಿಮೆ ಇದ್ದರೆ ಬರೆಯಲು ಹೆಚ್ಚು ಸಮಯ ಕೇಳಿ. ವರ್ಕಿಂಗ್ ಮೆಮೊರಿ ಕಡಿಮೆ ಇದ್ದರೆ ಒಂದೇ ಉಸಿರಿಗೆ ನಾಲ್ಕು ಸೂಚನೆ ಕೊಡದೆ ಒಂದೊಂದಾಗಿ ಹೇಳಿ ಎಂದು ಕೇಳಿಕೊಳ್ಳಿ. ಬೇಕಿದ್ದರೆ ಆ ಐದು ಅಂಕಗಳನ್ನು ಇಲ್ಲಿ ಬರೆಯಿರಿ, ಮಗಳ ಹೆಸರು ಬೇಡ. ನೋಡಿ ಹೇಳುತ್ತೇನೆ.